ಮಕ್ಕಳಿರುವ ಮನೆಯಲ್ಲಿ ಟಿ.ವಿ. ಇರಬೇಕೆ?

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಆದಿಚುಂಚನಗಿರಿ ಬೆಟ್ಟದ ಮಗ್ಗುಲಿನ ಈ ನೆಲದಲ್ಲಿ ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಮುಗ್ಗರಿಸದೆ ನಡೆದು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. ಹಾಲಿನ ದರ, ಪಶು ಆಹಾರ, ಬೋನಸ್ಸು ಇವುಗಳ ಬಗ್ಗೆ ನನಗಿಂತ ಬಲ್ಲವರು ಆಗಲೇ ಮಾತನಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. "ಮಕ್ಕಳಿರೋ ಮನೇಲಿ ಟಿ.ವಿ. ಇಟ್ಕೋಬೇಕಾ, ತೆಗೆದುಬಿಡಬೇಕಾ? ಅದನ್ನ ನೀವು ಹೇಳಿ" ಅಂತ ನಮ್ಮ ಮಹಿಳಾ ಸದಸ್ಯರು ಕೇಳಿದ್ದಾರೆ. ಡೈರಿ ಸಭೆಯಲ್ಲಿ ಟಿ.ವಿ. ಮಾತೇಕೆ ಅಂತ ಯಾರೂ ಅಂದುಕೊಳ್ಳಬೇಡಿ. ಹಾಲಿನ ದುಡ್ಡು ಹೋಗಿ ಸೇರೋದು ಮನೆಗೆ. ಆ ಮನೆಯಲ್ಲಿ ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ ಅನ್ನೋದು ಸಂಘಕ್ಕೂ ಸೇರಿದ ಮಾತೇ.

ಮೊದಲು ಒಂದು ಹಳೆಯ ಸಂಗತಿ ಹೇಳುತ್ತೇನೆ. ನಮ್ಮ ರಾಜ್ಯದ ಹಳ್ಳಿಗಳಿಗೆ ಟಿ.ವಿ. ಮೊದಲು ದೊಡ್ಡದಾಗಿ ಬಂದದ್ದು ಯಾರ ಮನೆಗೂ ಅಲ್ಲ, ಊರಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ನಮ್ಮ ಇಸ್ರೋ ಸಂಸ್ಥೆ ಅಮೆರಿಕದ ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಊರಿಗೊಂದು ಪೆಟ್ಟಿಗೆ. ಹೊರಗೆ ತಂತಿ ಬಲೆಯ ದೊಡ್ಡ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಪೆಟ್ಟಿಗೆ ನೋಡಿಕೊಳ್ಳಲು ಒಬ್ಬರಿಗೆ ಜವಾಬ್ದಾರಿ ಕೊಟ್ಟಿದ್ದರು.

ಇದನ್ನು ಯಾಕೆ ಹೇಳಿದೆ ಅಂದರೆ, ಆಗ ಟಿ.ವಿ.ಗೆ ಮೂರು ಕಟ್ಟುಪಾಡು ಇದ್ದವು. ಇಂತಿಷ್ಟೇ ಹೊತ್ತು, ಎಲ್ಲರ ಎದುರಿಗೆ, ಹಾಕೋಕೆ ಆರಿಸೋಕೆ ಒಬ್ಬ ಜವಾಬ್ದಾರ. ಆಮೇಲೆ ಏನಾಯಿತು ನೋಡಿ. 1981ರ ನವೆಂಬರ್‌ನಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಯಿತು. 1987ರಲ್ಲಿ ಭಾನುವಾರದ 'ರಾಮಾಯಣ' ಬಂತು. 1994ರಲ್ಲಿ ಉದಯ ಟಿ.ವಿ., ಅದರ ಹಿಂದೆ ಒಂದೊಂದಾಗಿ ಉಳಿದ ಚಾನಲ್ಲುಗಳು. ಪೆಟ್ಟಿಗೆ ಊರಿಂದ ಮನೆಗೆ ಬಂತು, ಸರಿ. ಆದರೆ ಆ ಮೂರು ಕಟ್ಟುಪಾಡು ಮಾತ್ರ ಊರಲ್ಲೇ ಉಳಿದವು. ನನ್ನ ಮಟ್ಟಿಗೆ ನಮ್ಮ ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಹಾಗಾದರೆ ಟಿ.ವಿ. ಬೇಡವೇ ಬೇಡ ಅನ್ನೋಣವೆ? ಹಾಗೆ ಹೇಳುವ ಹಿರಿಯರಿದ್ದಾರೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಎರಡು ಮಾತು ಯೋಚಿಸಿ.

ಒಂದು, ಊರಿಗೆಲ್ಲಾ ಒಂದೋ ಎರಡೋ ಟಿ.ವಿ. ಇದ್ದ ಕಾಲದಲ್ಲಿ ಇಲ್ಲದ ಮನೆ ಮಕ್ಕಳು ಇದ್ದವರ ಮನೆ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ಕೆಲವು ಐಕ್ಳನ್ನ ಒಳಗೆ ಕೂರಿಸೋರು, ಕೆಲವರನ್ನ ಜಗುಲಿ ಮೇಲೂ ಹತ್ತಿಸ್ತಿರಲಿಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮನೆಯಲ್ಲಿ ಇಲ್ಲದ ವಸ್ತುವಿಗಾಗಿ ಮಗು ಬೇರೆಯವರ ಬಾಗಿಲಲ್ಲಿ ನಿಂತು ಅವಮಾನ ಪಡುವುದಾದರೆ, ಅದು ಆ ಮನೆಯ ಶಿಸ್ತು ಅನ್ನಿಸಿಕೊಳ್ಳುವುದಿಲ್ಲ.

ಎರಡು, 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ 'ಸೇತುಬಂಧ' ಪಾಠ ಹಾಕಿತು. ದುಬಾರಿ ಫೋನು, ನೆಟ್‌ವರ್ಕು ಎರಡೂ ಇಲ್ಲದ ಮನೆ ಮಗುವಿಗೆ ಟಿ.ವಿ.ಯೇ ಶಾಲೆಯಾಯಿತು. ಟಿ.ವಿ.ಯೂ ಇಲ್ಲದ ಮನೆ ಮಗುವಿಗೆ ಅದೂ ಇಲ್ಲ. ಅದೇ ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರು ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ಕಾರ್ಯಕ್ರಮವನ್ನು ನೆನೆಯಿರಿ. ಸರಿ ಉತ್ತರ ಹೇಳಿದವರಿಗೆ ಪುಸ್ತಕ ಬಹುಮಾನ. ಅಂಥದ್ದನ್ನು ಮಗು ಅಪ್ಪ ಅಮ್ಮನ ಜೊತೆ ಕೂತು ನೋಡಿದರೆ ಕೆಡುವುದೇನೂ ಇಲ್ಲ.

ಆದ್ದರಿಂದ ಪೆಟ್ಟಿಗೆಯನ್ನು ಮನೆಯಿಂದ ಹೊರಹಾಕಿ ಅಂತ ನಾನು ಹೇಳುವುದಿಲ್ಲ. ಹಾಗಂತ ಅದನ್ನು ಬಿಟ್ಟ ಬಸವನ ಹಾಗೆ ಬಿಡುವುದಕ್ಕೂ ಒಪ್ಪುವುದಿಲ್ಲ.

ವೈದ್ಯರು ಏನು ಹೇಳುತ್ತಾರೆ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷ ತುಂಬುವ ತನಕ ಮಗುವಿಗೆ ಟಿ.ವಿ., ಮೊಬೈಲ್ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವೂ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಯೊಳಗೆ ಇರಲಿ, ಅದೂ ನಿದ್ದೆ, ಆಟ, ಓದು ಇವನ್ನು ನುಂಗದ ಹಾಗೆ ಇರಲಿ ಎಂದಿದೆ. ಕಾರಣ ಸರಳ. ಎಳೆ ಮಗು ಮಾತು ಕಲಿಯುವುದು ಎದುರಿಗಿರುವವರ ಮುಖ ನೋಡಿ. ಅದು "ಅತ್ತಾ" ಅಂದರೆ ಅಜ್ಜಿ "ಏನವ್ವಾ" ಅನ್ನುತ್ತಾಳೆ. ಟಿ.ವಿ. ಏನೂ ಅನ್ನುವುದಿಲ್ಲ, ತನ್ನ ಪಾಡಿಗೆ ತಾನು ಹೇಳಿಕೊಂಡು ಹೋಗುತ್ತದೆ. ಈಗ ಕೆಲವು ಮನೆಗಳಲ್ಲಿ ಟಿ.ವಿ. ಹಾಕದಿದ್ದರೆ ಮಗು ಒಂದು ತುತ್ತು ಮುದ್ದೆ ನುಂಗುವುದಿಲ್ಲ. ಊಟ ಮಾಡಿಸೋದು ಸಲೀಸು ಅಂತ ತಾಯಂದಿರಿಗೆ ಅನ್ನಿಸಬಹುದು. ಆದರೆ ಹೊಟ್ಟೆ ತುಂಬಿತೋ ಇಲ್ಲವೋ ಅನ್ನುವುದೇ ಆ ಮಗುವಿಗೆ ತಿಳಿಯದೆ ಹೋಗುತ್ತದೆ.

ಇನ್ನು ಮುಖ್ಯವಾದ ಮಾತು. ಸಂಜೆ ಹಾಲು ಕರೆದು ಡೈರಿಗೆ ಹಾಕಿ ಮನೆಗೆ ಬರುವ ಹೊತ್ತಿಗೆ ಧಾರಾವಾಹಿಗಳ ಸಮಯ. ಮಕ್ಕಳು ಓದುವ ಸಮಯವೂ ಅದೇ. "ಓದ್ಕೊಳ್ಳೋ ಮಗ" ಅಂತ ಹೇಳಿ ನಾವು ಟಿ.ವಿ. ಮುಂದೆ ಕೂರುತ್ತೇವೆ. ಒಂದೇ ಅಂಕಣದ ಮನೆ. ಪುಸ್ತಕ ಮಗುವಿನ ಕೈಲಿ, ಕಿವಿ ಧಾರಾವಾಹಿಯಲ್ಲಿ. ಹೀಗಿದ್ದರೆ ಪರೀಕ್ಷೆಯಲ್ಲಿ ಕಡಿಮೆ ನಂಬರು ಬಂದಾಗ ಬೈಯಬೇಕಾದ್ದು ಯಾರನ್ನು? ಹಾಗೆಂದು ತಾಯಂದಿರ ಮೇಲೆ ತಪ್ಪು ಹೊರಿಸಲು ನನಗೆ ಬಾಯಿ ಬರುವುದಿಲ್ಲ. ಬೆಳಗಿನಿಂದ ಕೊಟ್ಟಿಗೆ, ಹೊಲ, ಅಡುಗೆ ಅಂತ ದಣಿದ ಜೀವಕ್ಕೆ ಅರ್ಧ ಗಂಟೆ ಮನರಂಜನೆ ಬೇಕು. ಕ್ರಿಕೆಟ್ಟು, ಸುದ್ದಿ ಚಾನಲ್ಲಿನ ಜಗಳ ಅಂತ ರಾತ್ರಿ ಹನ್ನೊಂದರ ತನಕ ರಿಮೋಟು ಬಿಡದ ಗಂಡಸರಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ನಿಯಮ ಅಂದಮೇಲೆ ಮನೆಯವರಿಗೆಲ್ಲಾ ಒಂದೇ. ಮಕ್ಕಳಿಗೆ ಮಾತ್ರ ಮಾಡಿದ ನಿಯಮ ಎರಡು ದಿನ ನಿಲ್ಲುವುದಿಲ್ಲ.

ನಮ್ಮ ಸಂಘ ನಡೆಯುತ್ತಿರುವುದು ಬೈಲಾ ಇರುವುದರಿಂದ. ಅಧ್ಯಕ್ಷರ ಮನೆ ಹಾಲಾದರೂ ಡಿಗ್ರಿ ನೋಡಿ, ಫ್ಯಾಟು ನೋಡಿಯೇ ಕ್ಯಾನಿಗೆ ಸುರಿಯುವುದು. ಊರವರು ಕುಡಿಯುವ ಹಾಲಿಗೆ ಇಷ್ಟು ಪರೀಕ್ಷೆ ಮಾಡುವ ನಾವು ಮಕ್ಕಳ ಕಣ್ಣಿಗೆ ಬೀಳುವುದನ್ನು ಪರೀಕ್ಷಿಸದೆ ಬಿಡಬಹುದೆ? ಅದಕ್ಕೇ ಮನೆಗೂ ಒಂದು ಸಣ್ಣ ಬೈಲಾ ಮಾಡಿಕೊಳ್ಳಿ ಅನ್ನುತ್ತೇನೆ.

1. ಮನೆಗೆ ಒಂದೇ ಟಿ.ವಿ. ಸಾಕು. ಅದು ನಡುಮನೆಯಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ.
2. ಸಂಜೆ ಮಕ್ಕಳು ಓದುವ ಎರಡು ಗಂಟೆ ಟಿ.ವಿ. ಆರಿರಲಿ. ಆ ಹೊತ್ತಿನಲ್ಲಿ ದೊಡ್ಡವರ ಮೊಬೈಲೂ ಪಕ್ಕಕ್ಕಿರಲಿ.
3. ಊಟದ ಹೊತ್ತಿನಲ್ಲಿ ಟಿ.ವಿ. ಬೇಡ. ಮನೆಮಂದಿ ಮಾತಾಡುವುದಕ್ಕೆ ಉಳಿದಿರುವುದು ಅದೊಂದೇ ಹೊತ್ತು.
4. ಮಕ್ಕಳು ನೋಡುವಾಗ ದೊಡ್ಡವರೊಬ್ಬರು ಜೊತೆಗಿರಲಿ. ನೋಡಿದ ಮೇಲೆ "ಏನು ನೋಡ್ದೆ, ಹೇಳು" ಅಂತ ಕೇಳಲಿ.
5. ಎರಡು ವರ್ಷದೊಳಗಿನ ಕೂಸಿಗೆ ಯಾವ ಪರದೆಯೂ ಬೇಡ.

ಮೊಬೈಲಿನ ಮಾತೂ ಬಂತು. ಟಿ.ವಿ. ತೆಗೆದು ಮಗುವಿನ ಕೈಗೆ ಮೊಬೈಲು ಕೊಟ್ಟರೆ ಹೋರಿ ಮಾರಿ ಹುಲಿ ತಂದಂತೆ. ನಡುಮನೆಯ ಟಿ.ವಿ.ಯಲ್ಲಿ ಏನು ಬರುತ್ತಿದೆ ಅಂತ ಅಜ್ಜಿಗೂ ಕಾಣುತ್ತದೆ. ಮುಸುಕಿನೊಳಗಿನ ಮೊಬೈಲಿನಲ್ಲಿ ಏನು ಬರುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ.

ಟಿ.ವಿ. ಆರಿಸಿದ ಮೇಲೆ ಮಕ್ಕಳು ಏನು ಮಾಡಬೇಕು? ಅದಕ್ಕೆ ನಾವು ಉತ್ತರ ಕೊಡಲೇಬೇಕು. ನಮ್ಮ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿಯೂ ಹಳ್ಳಿ ಹಾಡು, ಕಥೆಗಳನ್ನು ಬಿಡದೆ ಕೂಡಿಟ್ಟರು, ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಅವರು ಕೂಡಿಟ್ಟದ್ದು ನಮ್ಮ ಅಜ್ಜಿಯರ ಬಾಯಲ್ಲಿದ್ದದ್ದೇ. ಇಂದಿಗೂ ಸೋಬಾನೆ ಹೇಳುವ, ಕಥೆ ಹೇಳುವ ಅಜ್ಜಿಯರು ಈ ಸಭೆಯಲ್ಲೇ ಕೂತಿದ್ದಾರೆ. ಕೇಳುವವರಿಲ್ಲ ಅಷ್ಟೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನಿಮ್ಮ ಮಗುವಿನ ಹೆಸರು ಅಲ್ಲಿ ಇದೆಯೆ ಅಂತ ವಿಚಾರಿಸಿ.

ಕೊನೆಗೆ ಸಂಘಕ್ಕೆ ಒಂದು ಕೋರಿಕೆ. ಭಾನುವಾರ ಒಂದು ಗಂಟೆ ಸಂಘದ ಕಟ್ಟಡದಲ್ಲಿ ಊರಿನ ಎಲ್ಲಾ ಮಕ್ಕಳೂ ಒಂದೇ ಚಾಪೆ ಮೇಲೆ ಕೂತು ಒಳ್ಳೆಯ ಕಾರ್ಯಕ್ರಮ ನೋಡುವಂತಾಗಲಿ. ಮೇಲಿನ ಬೀದಿ, ಕೆಳಗಿನ ಬೀದಿ ಅನ್ನುವ ಭೇದ ಬೇಡ. ಅದರ ಪಕ್ಕದಲ್ಲೇ ಒಂದು ಪುಸ್ತಕದ ಕಪಾಟು ಇರಲಿ. ಹಾಲಿನ ಕ್ಯಾನಿನಲ್ಲಿ ಯಾರ ಮನೆ ಹಾಲು ಅಂತ ಬೇರೆ ಮಾಡದ ಸಂಘಕ್ಕೆ ಇದು ಕಷ್ಟದ ಕೆಲಸವಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದನ್ನು ವಿಷಯ ಪಟ್ಟಿಗೆ ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇನೆ.