ಬೆಲೆ ಇಳಿಯಿತು, ವೆಚ್ಚ ಎಲ್ಲಿ ಹೋಯಿತು?

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಖರೀದಿ ಖಾತೆಯಲ್ಲಿ ಕಾರಕೂನನಾಗಿರುವವನು. ಸಂಜೆ ಇಲ್ಲಿ ಬಂದು ಪತ್ರಿಕೆಗಳನ್ನು ಜೋಡಿಸಿಡುವವನು. ಮೋಟಾರು ಕಾರಿನ ಕಂಪನಿಗಳು ಬಿಡಿಭಾಗ ಮಾಡುವವರ ಬೆಲೆಯನ್ನು ಹೇಗೆ ಹಿಂಡುತ್ತವೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ಭೋಸರಿ, ಚಾಕಣದ ಶೆಡ್ಡುಗಳಲ್ಲಿ ಲೇಥು ನಡೆಸುವವರು, ಪ್ರೆಸ್ಸಿನ ಮೇಲೆ ದುಡಿಯುವವರು ಈ ಸಭೆಯಲ್ಲಿ ಎಷ್ಟೋ ಜನ ಇದ್ದೀರಿ. ತಮಗೆ ಈ ವಿಷಯ ಹೇಳುವುದೆಂದರೆ ಮೊಮ್ಮಗ ಅಜ್ಜಿಗೆ ಕೆಮ್ಮಲು ಕಲಿಸಿದ ಹಾಗೆ. ಆದರೆ ಒಂದು ಮಾತಿದೆ. ತಾವು ಬೆಲೆ ಇಳಿಸಬೇಕೆಂಬ ಪತ್ರ ಕೈಗೆ ಬರುವ ಕಡೆಯವರು. ನಾನು ಆ ಪತ್ರವನ್ನು ಟೈಪು ಮಾಡುವ ಕಡೆಯವನು. ಆ ಕಡೆಯಿಂದ ಕಂಡದ್ದನ್ನು ಹೇಳಬಹುದೆಂದು ಒಪ್ಪಿದೆ.

ಒಂದು ಕಾರಿನಲ್ಲಿ ಸಣ್ಣ ಸ್ಕ್ರೂವಿನ ತನಕ ಲೆಕ್ಕ ಹಿಡಿದರೆ ಸುಮಾರು 30,000 ಭಾಗಗಳಿರುತ್ತವೆ. ಕಾರಿನ ಮೇಲೆ ಹೆಸರು ಹಾಕಿಕೊಳ್ಳುವ ಕಂಪನಿ ಇವುಗಳಲ್ಲಿ ಬಹುಪಾಲನ್ನು ತಾನು ಮಾಡುವುದಿಲ್ಲ, ಹೊರಗಿನಿಂದ ಕೊಳ್ಳುತ್ತದೆ. ಜಪಾನಿನ ನಿಸ್ಸಾನ್ ಕಂಪನಿ 1999ರಲ್ಲಿ ತನ್ನ ಲೆಕ್ಕ ತೆಗೆದಾಗ ಒಟ್ಟು ಖರ್ಚಿನಲ್ಲಿ ನೂರಕ್ಕೆ 60 ಪಾಲು ಖರೀದಿಯದೇ ಆಗಿತ್ತು. ಹೀಗಿರುವಾಗ ನಷ್ಟ ಬಂದ ದಿನ ಯಜಮಾನನ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಮೇರಿಕದ ಜನರಲ್ ಮೋಟಾರ್ಸ್ ಕಂಪನಿಗೆ 1991ರಲ್ಲಿ ಸುಮಾರು 450 ಕೋಟಿ ಡಾಲರ್ ನಷ್ಟವಾಯಿತು. ಮರುವರ್ಷ ಖರೀದಿಯ ಮುಖ್ಯಸ್ಥನಾಗಿ ಹೊಸೆ ಇಗ್ನಾಸಿಯೊ ಲೋಪೆಜ್ ಎಂಬ ಸ್ಪೇನ್ ದೇಶದವನು ಬಂದ. ವಿಚಿತ್ರ ಮನುಷ್ಯ. ಕಂಪನಿ ಮತ್ತೆ ಲಾಭ ಕಾಣುವ ತನಕ ಕೈಗಡಿಯಾರವನ್ನು ಬಲಗೈಗೆ ಕಟ್ಟಿಕೊಳ್ಳಬೇಕೆಂದು ತನ್ನ ಕೈಕೆಳಗಿನವರಿಗೆ ಹೇಳಿದ. ಅದೇನೋ ನಗುವ ಮಾತಾಯಿತು, ಮುಂದಿನದು ನಗುವಂಥದಲ್ಲ. ಮೊದಲೇ ಸಹಿಯಾಗಿದ್ದ ಕರಾರುಗಳನ್ನು ಬದಿಗಿಟ್ಟು ಎಲ್ಲರಿಂದಲೂ ಹೊಸದಾಗಿ ದರ ಕರೆದ. ಬಂದ ದರವನ್ನು ತೋರಿಸಿ ಇನ್ನೊಬ್ಬನನ್ನು ಇಳಿಸಿದ, ಅವನದನ್ನು ತೋರಿಸಿ ಮೊದಲಿನವನನ್ನು ಮತ್ತೆ ಇಳಿಸಿದ. ನೂರಕ್ಕೆ ಹತ್ತು, ಅದಕ್ಕೂ ಮಿಕ್ಕಿ ಕಡಿತ ಕೇಳಿದ. ತಾವು ವರ್ಷಗಟ್ಟಲೆ ತಲೆ ಓಡಿಸಿ ಮಾಡಿದ ನಕಾಶೆಗಳು ಎದುರಾಳಿಗಳ ಕೈಗೆ ಹೋದವೆಂದು ಎಷ್ಟೋ ಜನ ಬಿಡಿಭಾಗದವರು ದೂರಿದರು. 1993ರ ಮಾರ್ಚಿನಲ್ಲಿ ಈ ಗೃಹಸ್ಥ ಕಂಪನಿ ಬಿಟ್ಟು ಜರ್ಮನಿಯ ಫೋಕ್ಸ್‌ವಾಗನ್ ಸೇರಿದ. ಹೋಗುವಾಗ ಗುಪ್ತ ಕಾಗದಗಳನ್ನು ಒಯ್ದನೆಂದು ಜನರಲ್ ಮೋಟಾರ್ಸ್ ಕೋರ್ಟಿಗೆ ಹೋಯಿತು. 1997ರಲ್ಲಿ ರಾಜಿಯಾಗಿ ಫೋಕ್ಸ್‌ವಾಗನ್ 10 ಕೋಟಿ ಡಾಲರ್ ಕೊಟ್ಟಿತು. ಮೇಲೆ ಏಳು ವರ್ಷಗಳಲ್ಲಿ 100 ಕೋಟಿ ಡಾಲರಿನ ಭಾಗಗಳನ್ನು ಜನರಲ್ ಮೋಟಾರ್ಸಿನಿಂದಲೇ ಕೊಳ್ಳುವುದಾಗಿ ಒಪ್ಪಿತು. ಇನ್ನೊಬ್ಬರ ನಕಾಶೆಯ ವಿಷಯದಲ್ಲಿ ಅಷ್ಟು ಹಗುರವಾಗಿದ್ದ ಮನೆ ತನ್ನ ಕಾಗದ ಹೋದಾಗ ಎಷ್ಟು ಕೂಗಾಡಿತು ನೋಡಿ!

ಅದೇ ಊರಿನ ಸುತ್ತ, ಅದೇ ಕಾಲಕ್ಕೆ, ಕ್ರೈಸ್ಲರ್ ಕಂಪನಿ ಬೇರೆ ದಾರಿ ಹಿಡಿದಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ತಿರುಳೆಲ್ಲ ಇಲ್ಲಿದೆ. ಅವರ ಖರೀದಿಯ ಮುಖ್ಯಸ್ಥ ಥಾಮಸ್ ಸ್ಟಾಲ್‌ಕ್ಯಾಂಪ್ ಬಿಡಿಭಾಗದವರಿಗೆ ದರ ಇಳಿಸಿರೆಂದು ಪತ್ರ ಬರೆಯಲಿಲ್ಲ. ‘ಎಲ್ಲಿ ದಂಡದ ಖರ್ಚು ಆಗುತ್ತಿದೆ ಹೇಳಿ, ನಮ್ಮ ತಪ್ಪಿದ್ದರೆ ಅದನ್ನೂ ಹೇಳಿ, ಉಳಿದದ್ದರಲ್ಲಿ ಅರ್ಧ ನಿಮ್ಮದು’ ಎಂಬ ಅರ್ಥದ ಯೋಜನೆ ಮಾಡಿದರು. ಅದಕ್ಕೆ ಸ್ಕೋರ್ ಎಂದು ಹೆಸರು. ಲೇಥಿನ ಮುಂದೆ ನಿಂತವನಿಗೆ ಗೊತ್ತಿರುವ ಸಂಗತಿ ಕಚೇರಿಯಲ್ಲಿ ಕುಳಿತವನಿಗೆ ಗೊತ್ತಿರುವುದಿಲ್ಲ. ಯಾರಿಗೂ ಕಾಣದ ಒಳಮೈಗೂ ಹೊಳಪು ಕೊಡಿಸುತ್ತಿರಬಹುದು. ಒಂದೇ ಕೆಲಸಕ್ಕೆ ನಾಲ್ಕು ಅಳತೆಯ ಬೋಲ್ಟು ಕೇಳುತ್ತಿರಬಹುದು. ಇಂಥವನ್ನು ಬಿಟ್ಟರೆ ಯಾರ ಕೂಲಿಯೂ ಕಡಿಮೆಯಾಗದೆ ಖರ್ಚು ನಿಜವಾಗಿ ಕಡಿಮೆಯಾಗುತ್ತದೆ. 1995ರ ಕೊನೆಗೆ ಇಂಥ 5,300 ಸೂಚನೆಗಳು ಜಾರಿಯಾಗಿ, ಕ್ರೈಸ್ಲರಿಗೆ ಅವುಗಳಿಂದ ವರ್ಷಕ್ಕೆ 170 ಕೋಟಿ ಡಾಲರಿಗೂ ಹೆಚ್ಚು ಉಳಿಯುತ್ತಿತ್ತು.

ಹಾಗಾದರೆ ಆ ಪದ್ಧತಿಯೇ ಉಳಿಯಿತೆ? ಇಲ್ಲ. 1998ರಲ್ಲಿ ಕ್ರೈಸ್ಲರ್ ಜರ್ಮನಿಯ ಡೈಮ್ಲರ್ ಜೊತೆ ಸೇರಿತು. ಎರಡು ವರ್ಷಕ್ಕೆ ನಷ್ಟ ಬಂತು. 2000ದ ಡಿಸೆಂಬರಿನಲ್ಲಿ ಹೊಸ ಮುಖ್ಯಸ್ಥ ಡೀಟರ್ ಝೆಟ್ಷೆ ಆಜ್ಞೆ ಹೊರಡಿಸಿದರು: ಜನವರಿ 1ರಿಂದ ಎಲ್ಲ ದರಗಳೂ ನೂರಕ್ಕೆ 5 ಕಡಿಮೆ, ಮುಂದಿನ ಎರಡು ವರ್ಷಗಳಲ್ಲಿ ಇನ್ನೂ 10 ಕಡಿಮೆ. ಹತ್ತು ವರ್ಷ ಕಟ್ಟಿದ ವಿಶ್ವಾಸ ಒಂದು ಪತ್ರದಲ್ಲಿ ಹೋಯಿತು. 2009ರಲ್ಲಿ ಕ್ರೈಸ್ಲರ್, ಜನರಲ್ ಮೋಟಾರ್ಸ್ ಎರಡೂ ದಿವಾಳಿಯ ಕೋರ್ಟು ಕಂಡವು. ಅದಕ್ಕೆ ಕಾರಣಗಳು ಹಲವಾರು; ಬಿಡಿಭಾಗದವರ ಶಾಪವೇ ತಟ್ಟಿತೆಂದು ನಾನು ಹೇಳುವವನಲ್ಲ.

ಅವರಿಗಿಂತ ಮೊದಲೇ ಬಿಡಿಭಾಗದವರು ಬಿದ್ದಿದ್ದರು. ಕಾರಿನೊಳಗಿನ ಜಮಖಾನೆ ಮುಂತಾದವನ್ನು ಮಾಡುತ್ತಿದ್ದ ಕಾಲಿನ್ಸ್ ಅಂಡ್ ಐಕ್‌ಮನ್ 2005ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು, ಅಕ್ಟೋಬರಿನಲ್ಲಿ ಡೆಲ್ಫಿ. ಒಂದು ಕಡೆ ಕಚ್ಚಾ ಮಾಲಿನ ಬೆಲೆ ಏರುತ್ತಿತ್ತು, ಇನ್ನೊಂದು ಕಡೆ ಮಾಡಿದ ಮಾಲಿನ ದರ ಇಳಿಯುತ್ತಿತ್ತು. ಆಗ ಕಾಲಿನ್ಸಿನ ಕಾರ್ಖಾನೆ ನಿಂತರೆ ತಮ್ಮ ಸಾಲೂ ನಿಲ್ಲುತ್ತದೆಂದು ಹೆದರಿ ಕಾರಿನ ಕಂಪನಿಗಳೇ ಹಣ ಕೊಟ್ಟು ಅದನ್ನು ನಡೆಸಬೇಕಾಯಿತು.

ಜಪಾನಿನವರು ಹೀಗಲ್ಲ, ಅಲ್ಲಿ ಕಂಪನಿಯೂ ಬಿಡಿಭಾಗದವರೂ ಒಂದು ಮನೆಯವರಂತೆ ಎಂದು ಕೇಳುತ್ತೇವೆ. ಸ್ವಲ್ಪ ನಿಜ. 1997ರ ಫೆಬ್ರುವರಿ 1ರಂದು ಟೊಯೊಟಾಕ್ಕೆ ಬ್ರೇಕಿನ ಒಂದು ಸಣ್ಣ ವಾಲ್ವು ಮಾಡಿಕೊಡುತ್ತಿದ್ದ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾದ ಸಾಲುಗಳೆಲ್ಲ ನಿಂತವು. ಆಗ ಹೊಲಿಗೆ ಯಂತ್ರದ ಬ್ರದರ್ ಕಂಪನಿಯ ತನಕ ಅನೇಕರು ತಮ್ಮ ಕೆಲಸ ಬಿಟ್ಟು ವಾಲ್ವು ಕೊರೆಯಲು ನಿಂತರು. ಕೆಲವೇ ದಿನಗಳಲ್ಲಿ ಗಾಡಿಗಳು ಮತ್ತೆ ಹೊರಬಿದ್ದವು. ಆದರೆ ಅದೇ ದೇಶದಲ್ಲಿ 2024ರ ಮಾರ್ಚಿನಲ್ಲಿ ಸರಕಾರದ ನ್ಯಾಯವ್ಯಾಪಾರ ಆಯೋಗ ನಿಸ್ಸಾನ್ ಕಂಪನಿಯ ತಪ್ಪನ್ನು ಎತ್ತಿ ಹಿಡಿಯಿತು. 2021ರ ಜನವರಿಯಿಂದ 2023ರ ಏಪ್ರಿಲ್ ತನಕ 36 ಬಿಡಿಭಾಗದವರ ಬಿಲ್ಲಿನಿಂದ ಸುಮಾರು 300 ಕೋಟಿ ಯೆನ್ ಮುರಿದುಕೊಳ್ಳಲಾಗಿತ್ತು. ದರ ಗೊತ್ತು ಮಾಡಿ, ಮಾಲು ಇಳಿಸಿಕೊಂಡು, ಹಣ ಕೊಡುವಾಗ ಕಡಿತ! ಸಣ್ಣವರ ರಕ್ಷಣೆಗೆ ಅಲ್ಲಿ 1956ರಿಂದಲೇ ಕಾನೂನು ಇತ್ತು. ಕಂಪನಿ ಆ ಹಣವನ್ನು ಮರಳಿ ಕೊಟ್ಟಿತು.

ಇನ್ನು ನನ್ನ ಮೇಜಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಯೂ ಮುಂದಿನ ತಿಂಗಳಿಂದ ಎಲ್ಲ ದರಗಳಲ್ಲಿ ನೂರಕ್ಕೆ 5 ಕಡಿತ ಎಂಬ ಸುತ್ತೋಲೆ ಹೊರಟಿತು. ಟೈಪು ಮಾಡಿದವನು ನಾನೇ. ಬಾಬಿನ್ನು ಮಾಡಿಕೊಡುವ ಒಬ್ಬ ಹಿರಿಯರು, ನಮ್ಮ ಕಡೆಯವರೇ, ಪತ್ರ ಹಿಡಿದು ಬಂದರು. ಸಾಹೇಬರು ಒಳಗೆ ಕರೆಯಲಿಲ್ಲ. ನನ್ನ ಮೇಜಿನ ಮುಂದೆ ಕುಳಿತು, “ತಮ್ಮಾ, ಐದು ಟಕ್ಕೆ ಕಡಿಮಿ ಮಾಡ್ರಿ ಅಂತ ಬರದೀಯಲ್ಲ, ಅದನ್ನ ಎಲ್ಲಿಂದ ತರಬೇಕು ಅಂತ ಯಾಕ ಬರದಿಲ್ಲ?” ಎಂದರು.

“ಕಾಕಾ, ನಾ ಬರಿಯಾಂವ ಅಷ್ಟ. ಹೇಳಾವ್ರು ಬ್ಯಾರೆ,” ಎಂದೆ.

“ಗೊತ್ತೈತೋ. ಅದಕ್ಕ ನಿನ್ನ ಕೇಳಿದೆ. ಅವರನ್ನ ಕೇಳಾಕ ಬಿಡಂಗಿಲ್ಲಲ್ಲ,” ಎಂದು ಸಹಿ ಹಾಕಿ ಹೋದರು.

ನಾಲ್ಕು ತಿಂಗಳಿಗೆ ಅಂಚು ಸರಿಯಾಗಿ ಉಜ್ಜದ ಬಾಬಿನ್ನುಗಳು ಬಂದವು. ಅಂಚು ಉಜ್ಜುತ್ತಿದ್ದ ಹುಡುಗನನ್ನು ಅವರು ಬಿಡಿಸಿದ್ದರು. ನೂಲು ಹರಿಯತೊಡಗಿತು, ಯಂತ್ರ ಮತ್ತೆ ಮತ್ತೆ ನಿಲ್ಲತೊಡಗಿತು. ನನ್ನ ವಹಿಯಲ್ಲಿ ಮಾತ್ರ 5 ಟಕ್ಕೆ ಉಳಿತಾಯ ಅಂದವಾಗಿ ಬರೆದಿತ್ತು; ಹರಿದ ನೂಲಿನ ಲೆಕ್ಕ ಬೇರೆ ಖಾತೆಯ ವಹಿಯಲ್ಲಿತ್ತು. ಎರಡೂ ವಹಿಗಳನ್ನು ಯಾರೂ ಒಂದೇ ಮೇಜಿನ ಮೇಲೆ ಇಡಲಿಲ್ಲ. ನಾನೂ ಇಡಲಿಲ್ಲ, ಇಡಬಹುದಾಗಿತ್ತು.

ಕಾರಿನ ಧಂದೆಯಲ್ಲಿ ಈ ಕಡಿತ ಕರಾರಿನಲ್ಲಿಯೇ ಸೇರಿರುವುದೂ ಉಂಟು: ವರ್ಷ ವರ್ಷ ಇಷ್ಟು ಟಕ್ಕೆ ಇಳಿಸಬೇಕೆಂದು. 100 ರೂಪಾಯಿಯ ಭಾಗ, ವರ್ಷಕ್ಕೆ 3 ಟಕ್ಕೆ ಎಂದಿಟ್ಟುಕೊಳ್ಳಿ. ಐದನೆಯ ಕಡಿತಕ್ಕೆ 85 ರೂಪಾಯಿ 87 ಪೈಸೆ. ಕೈ ಪಳಗಿದಂತೆ ಖರ್ಚು ಇಳಿಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಮೊದಲ ಎರಡು ವರ್ಷ ಸರಿ. ಆಮೇಲೆ ಕರೆಂಟಿನ ಬಿಲ್ಲು, ಶೆಡ್ಡಿನ ಬಾಡಿಗೆ ಪಳಗುವುದಿಲ್ಲವಲ್ಲ. ಸಹಿ ಮಾಡುವ ಮೊದಲು ಕೊನೆಯ ವರ್ಷದ ದರವನ್ನು ಕೂಡಿಸಿ ಕಳೆದು ನೋಡಬೇಕೆಂದು ನನ್ನ ವಿನಂತಿ.

ದರ ಇಳಿಸಿರೆಂದು ಕೇಳುವುದನ್ನು ತಡೆಯುವ ಕಾನೂನು ನಮ್ಮಲ್ಲಿಲ್ಲ. ಹಣ ತಡೆಹಿಡಿಯುವುದಕ್ಕೆ ಮಾತ್ರ ಇದೆ. 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ಮಾಲು ಒಪ್ಪಿಕೊಂಡ ಮೇಲೆ, ಲಿಖಿತ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ತಡ ಮಾಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಟ್ಟವನಿಗೆ ಮರುವರ್ಷ ಆರ್ಡರು ಸಿಗುತ್ತದೆಯೆ ಎಂದು ತಾವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ, ಕಾಯಿದೆಯಲ್ಲಿ ಅದಕ್ಕೆ ಉತ್ತರವಿಲ್ಲ. ಆದರೆ ಉದ್ಯಮ್ ನೋಂದಣಿ ಇಲ್ಲದವನಿಗೆ ದೂರು ಕೊಡುವ ಬಾಗಿಲೇ ತೆರೆಯುವುದು ಕಷ್ಟ. ನೋಂದಣಿಗೆ ಖರ್ಚಿಲ್ಲ. ಶೆಡ್ಡು ಇಟ್ಟವರು ಆಧಾರ್, ಪ್ಯಾನ್ ಕಾರ್ಡು ತೆಗೆದುಕೊಂಡು ಬಂದರೆ ಬರುವ ರವಿವಾರ ಹತ್ತು ಗಂಟೆಯಿಂದ ಇಲ್ಲಿಯೇ ಕುಳಿತು ತುಂಬಿಕೊಡುತ್ತೇನೆ. ಕಾಯಿದೆಯ ಪ್ರತಿಯೊಂದನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ; ದಯವಿಟ್ಟು ಯಾರೂ ಮನೆಗೆ ಒಯ್ಯಬಾರದು.