ರಸೀದಿ ಪುಸ್ತಕ ಯಾರ ಕೈಯಲ್ಲಿ?



ಕಳೆದ ರಾಜ್ಯೋತ್ಸವಕ್ಕೆ ವಂತಿಗೆ ಎತ್ತಲೆಂದು ಅಂಚೆ ಕಚೇರಿಯ ಗೆಳೆಯರೊಬ್ಬರ ಕೈಗೆ ರಸೀದಿ ಪುಸ್ತಕ ಕೊಟ್ಟವರು ನಾವೇ. ಅವರು ಅಂಗಡಿ ಅಂಗಡಿ ಅಲೆದರು. ಯಾರೋ ಮೇಲಧಿಕಾರಿಗೆ ಬರೆದುಹಾಕಿದರು. ಪಾಪ, ಅವರು ವಿವರಣೆ ಬರೆದುಕೊಡಬೇಕಾಯಿತು. ತಪ್ಪು ನಮ್ಮದು.

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 12ನೆಯದು ಸ್ಪಷ್ಟವಾಗಿದೆ: ಪೂರ್ವಾನುಮತಿಯಿಲ್ಲದೆ ಯಾವ ನಿಧಿಗೂ ಹಣ ಕೇಳುವಂತಿಲ್ಲ, ಎತ್ತುವಂತಿಲ್ಲ. ತಮ್ಮ ಜೇಬಿನಿಂದ ಸತ್ಕಾರ್ಯಕ್ಕೆ ಕೊಡಲು ಅಡ್ಡಿಯಿಲ್ಲ. ಏಕೆ ಈ ಭೇದ? ನಾಳೆ ತನ್ನ ಕಾಗದ ಅದೇ ಮೇಜಿಗೆ ಬರಬೇಕಾದ ಅಂಗಡಿಯವನು, ಗುಮಾಸ್ತರೇ ಬಂದು ಕೇಳಿದರೆ ಇಲ್ಲವೆನ್ನುವನೇ?

ಕಚೇರಿ ಕೆಲಸಕ್ಕೆ ಕುಂದು ಬಾರದಂತೆ ಆಗೊಮ್ಮೆ ಈಗೊಮ್ಮೆ ಕತೆ ಬರೆಯಲಿ, ನಾಟಕಕ್ಕೆ ಬಣ್ಣ ಹಚ್ಚಲಿ, ಸಂಬಳವಿಲ್ಲದೆ ಸಮಾಜಸೇವೆ ಮಾಡಲಿ. 15ನೆಯ ನಿಯಮ ಬೇಡವೆನ್ನದು. ಸಂಘದ ಚುನಾಯಿತ ಸ್ಥಾನಕ್ಕೆ ಮಾತ್ರ ಅನುಮತಿ ಬೇಕು. ಇನ್ನು 5ನೆಯದು: ಮತ ಹಾಕಬಹುದು, ಯಾರಿಗೆಂದು ಸೂಚಿಸಬಾರದು. ಚುನಾವಣೆಯ ಚಿಹ್ನೆಯನ್ನು ಸೈಕಲ್ಲಿಗೆ ಅಂಟಿಸಿಕೊಂಡರೂ ಪ್ರಚಾರವೇ!

ನಾವು ಖಾಸಗಿ ಗಿರಣಿಯ ಗುಮಾಸ್ತರು, ಈ ನಿಯಮ ನಮಗಿಲ್ಲ. ಆದುದರಿಂದ ಈ ವರ್ಷ ಎರಡೂ ರಸೀದಿ ಪುಸ್ತಕಗಳು ನಮ್ಮ ಬಳಿಯೇ ಇರುತ್ತವೆ. ಅಂಚೆಯ ಗೆಳೆಯರು ವಾಚನಾಲಯದ ಹರಿದ ಪುಸ್ತಕಗಳಿಗೆ ರಟ್ಟು ಹಾಕಿಕೊಡಲು ಒಪ್ಪಿದ್ದಾರೆ.