ಆಟದ ಪಂಚಾಂಗ ಬರೆಯುವವರು ಯಾರು?

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯವನ್ನು ಹಲಗೆಯ ಮೇಲೆ ಬರೆದಾಗಲೇ ಕೆಲವರು ನಕ್ಕರು. ‘ರಗ್ಬಿಗೂ ನಮಗೂ ಏನು ಸಂಬಂಧ, ಮೇಷ್ಟ್ರೆ?’ ಎಂದು ಒಬ್ಬರು ನನ್ನನ್ನು ಬಾಗಿಲಲ್ಲೇ ತಡೆದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುಂದೆ ಓಡಬೇಕು, ಕೈಯಿಂದ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು. ಇಂಥ ವಿಚಿತ್ರ ಆಟವನ್ನು ನಮ್ಮಲ್ಲಿ ಬಹುಮಂದಿ ಕಣ್ಣಾರೆ ನೋಡಿಯೇ ಇಲ್ಲ. ಆದರೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ.

2025ನೆಯ ಇಸವಿ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿ ನಡೆಯಿತು. ಆರು ತಂಡ, ಸುಮಾರು ಹದಿನೈದು ದಿನ. ಅದರಲ್ಲಿ ಒಂದು ತಂಡದ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ಆ ವರ್ಷ ಎಲ್ಲ ಪಂದ್ಯಗಳೂ ಮುಂಬಯಿಯ ಒಂದೇ ಅಂಗಳದಲ್ಲಿ ಮುಗಿದುಹೋದವು. ಬೆಂಗಳೂರಿನ ಹೆಸರು ಹೊತ್ತ ತಂಡ ಬೆಂಗಳೂರಿನ ಮಣ್ಣಿನ ಮೇಲೆ ಒಂದು ಆಟವನ್ನೂ ಆಡಲಿಲ್ಲ. ತಂಡವನ್ನು ಕಟ್ಟಿದವರು ಯಾರು, ದಿನ ಗೊತ್ತುಮಾಡಿದವರು ಯಾರು, ಬೆಂಗಳೂರಿನ ಯಾವ ಆಟಗಾರನನ್ನು ಕೇಳಿ ಮಾಡಿದರು ಎಂದು ಯಾರೂ ವಿಚಾರಿಸಲಿಲ್ಲ. ಇದೇ ಪ್ರಶ್ನೆಯನ್ನು ಇಂಗ್ಲೆಂಡಿನ ಗಿರಣಿಯವರು ನೂರಮೂವತ್ತು ವರ್ಷಗಳ ಹಿಂದೆಯೇ ಕೇಳಿದ್ದರು. ಆ ಕಥೆಯನ್ನು ಹೇಳಲು ನಿಂತಿದ್ದೇನೆ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಷೈರ್, ಲಂಕಾಷೈರ್ ಎಂಬ ಸೀಮೆಗಳಿವೆ. ಉಣ್ಣೆ ಗಿರಣಿ, ಹತ್ತಿ ಗಿರಣಿ, ಕಲ್ಲಿದ್ದಲ ಗಣಿ, ಇವೇ ಅಲ್ಲಿನ ಬದುಕು. 1850ರ ಕಾರ್ಖಾನೆ ಕಾಯಿದೆಯಂತೆ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಗಿರಣಿಯಲ್ಲಿ ದುಡಿಸುವಂತಿರಲಿಲ್ಲ. ಅವರಿಲ್ಲದೆ ಮಗ್ಗ ನಡೆಯದು. ಆದುದರಿಂದ ಗಂಡಸರಿಗೂ ಕ್ರಮೇಣ ಶನಿವಾರದ ಅರ್ಧ ರಜಾ ಸಿಕ್ಕಿತು. ಆ ಅರ್ಧ ದಿನದಲ್ಲಿ ಬೆಳೆದದ್ದೇ ಅವರ ಚೆಂಡಾಟ. ಧಣಿಗಳು ದಯಪಾಲಿಸಿದ ಬಿಡುವಲ್ಲ ಅದು. ಹತ್ತು ಗಂಟೆ ದುಡಿತದ ಚಳವಳಿ ಹೋರಾಡಿ ಪಡೆದ ಬಿಡುವು.

ಊರಿನೊಳಗೇ ಪಂದ್ಯವಾದರೆ ತೊಂದರೆಯಿಲ್ಲ. ಪರಊರಿಗೆ ಹೋಗಬೇಕಾದರೆ ಬೆಳಗಿನ ರೈಲಿಗೇ ಹೊರಡಬೇಕು. ಅಷ್ಟು ಹೊತ್ತಿನ ಕೂಲಿ ಹೋಯಿತು. ದಕ್ಷಿಣದಲ್ಲಿ ಆಡುತ್ತಿದ್ದವರು ವಕೀಲರು, ಡಾಕ್ಟರುಗಳು, ಜಮೀನ್ದಾರರ ಮಕ್ಕಳು. ಅವರಿಗೆ ಹಾಜರಿ ಪುಸ್ತಕವಿರಲಿಲ್ಲ, ಕಡಿತವೂ ಇರಲಿಲ್ಲ. ಆಟಕ್ಕೆ ಹಣ ಮುಟ್ಟಬಾರದು, ಮುಟ್ಟಿದರೆ ಆಟ ಮೈಲಿಗೆಯಾಗುತ್ತದೆ ಎಂಬ ಮಡಿಯನ್ನು ಕಟ್ಟಿದವರೂ ಅವರೇ. ಉತ್ತರದವರು ಕೇಳಿದ್ದು ಸಂಬಳವನ್ನೂ ಅಲ್ಲ. ಆಟಕ್ಕೆ ಹೋಗಿ ತಪ್ಪಿದ ಹೊತ್ತಿನ ಕೂಲಿಯನ್ನು ಮಾತ್ರ. ‘ಬ್ರೋಕನ್ ಟೈಮ್’ ಎಂದು ಅವರು ಅದನ್ನು ಕರೆದರು. ತಪ್ಪಿದ ಹಾಜರಿಯ ಕೂಲಿ ಎಂದರೆ ನಿಮಗೆ ಕೂಡಲೇ ಅರ್ಥವಾಗುತ್ತದೆ.

ಇಲ್ಲಿ ಎರಡು ತಾರೀಖುಗಳನ್ನು ದಯವಿಟ್ಟು ಜ್ಞಾಪಕದಲ್ಲಿಡಿ. 1893ರ ಸೆಪ್ಟೆಂಬರ್ 7. ಗಣಿ ಧಣಿಗಳು ಕೂಲಿ ಇಳಿಸಬೇಕೆಂದು ಗಣಿಗಳಿಗೆ ಬೀಗ ಹಾಕಿದ್ದ ಕಾಲ. ಯಾರ್ಕ್‌ಷೈರಿನ ಫೆದರ್‌ಸ್ಟೋನ್ ಎಂಬ ಊರಿನ ಗಣಿಯ ಬಳಿ ಸೇರಿದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಅದಾದ ಹದಿಮೂರನೆಯ ದಿನ, ಸೆಪ್ಟೆಂಬರ್ 20. ಲಂಡನ್ನಿನ ಒಂದು ಹೋಟೆಲಿನಲ್ಲಿ ರಗ್ಬಿ ಯೂನಿಯನ್ನಿನ ಮಹಾಸಭೆ. ತಪ್ಪಿದ ಹೊತ್ತಿನ ಕೂಲಿ ಕೊಡಬಹುದೆಂಬ ಯಾರ್ಕ್‌ಷೈರಿನವರ ಗೊತ್ತುವಳಿ ಮತಕ್ಕೆ ಬಂತು. ಪರವಾಗಿ 136, ವಿರೋಧವಾಗಿ 282. ಬಿದ್ದುಹೋಯಿತು.

ಎರಡು ವರ್ಷ ಕಾದರು. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸೇರಿ ಬೇರೆ ಮನೆ ಹೂಡಿದವು. ಒಟ್ಟು 22 ಸಂಘಗಳು. ದಿನಕ್ಕೆ ಆರು ಷಿಲಿಂಗ್, ತಪ್ಪಿದ ಹಾಜರಿಗೆ. ಇವತ್ತು ರಗ್ಬಿ ಲೀಗ್ ಎಂದು ಕರೆಯುವ, ಹದಿಮೂರು ಮಂದಿ ಆಡುವ ಆಟದ ಹುಟ್ಟು ಅದು. ಹದಿನೈದು ಮಂದಿಯ ರಗ್ಬಿ ಯೂನಿಯನ್ ಮಡಿಯುಟ್ಟುಕೊಂಡೇ ಇತ್ತು; ಅದು ಹಣವನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ನೂರು ವರ್ಷ ಕಳೆದು, 1995ರ ಆಗಸ್ಟಿನಲ್ಲಿ.

ನಮ್ಮವರು ಇದನ್ನು ಹೇಳುವಾಗ ಹಡರ್ಸ್‌ಫೀಲ್ಡಿನಲ್ಲಿ ಸೇರಿದವರೆಲ್ಲ ಕಾರ್ಮಿಕ ವೀರರು ಎನ್ನುವಂತೆ ಹೇಳಿಬಿಡುತ್ತಾರೆ. ಹಾಗಲ್ಲ. ಸಂಘಗಳ ಆಡಳಿತ ಮಂಡಲಿಯಲ್ಲಿದ್ದವರು ವರ್ತಕರು, ಕಾರ್ಖಾನೆದಾರರು, ಹೆಂಡದಂಗಡಿಯವರು. ಬಾಗಿಲ ಹಣದ ಮೇಲೆ ಅವರಿಗೂ ಕಣ್ಣಿತ್ತು. 1898ರಲ್ಲಿ ಆಟಗಾರನಿಗೆ ಹಣ ಕೊಡುವುದನ್ನು ಪೂರ್ತಿ ಒಪ್ಪಿಕೊಂಡಾಗ, ಅವನಿಗೆ ಬೇರೊಂದು ಖಾಯಂ ಕೆಲಸ ಇರಲೇಬೇಕೆಂಬ ಷರತ್ತನ್ನೂ ಹಾಕಿದರು. ಕೆಲಸ ಹೋದರೆ ಆಟವೂ ಹೋಯಿತು!

ಮೊದಲ ವರ್ಷ ಗೆದ್ದವರು ಮ್ಯಾನಿಂಗ್‌ಹ್ಯಾಮ್ ಸಂಘದವರು. 42 ಪಂದ್ಯಗಳ ಸುದೀರ್ಘ ವರ್ಷ. ಮ್ಯಾನಿಂಗ್‌ಹ್ಯಾಮ್ ಅಂದರೆ ಬ್ರ್ಯಾಡ್‌ಫರ್ಡ್ ಪಟ್ಟಣದ ಗಿರಣಿ ಕೇರಿ. ಅಲ್ಲಿಯ ಲಿಸ್ಟರ್ ಧಣಿಯ ರೇಷ್ಮೆ ಗಿರಣಿಯಲ್ಲಿ 1890ರ ಡಿಸೆಂಬರಿನಿಂದ 1891ರ ಏಪ್ರಿಲ್‌ವರೆಗೆ ಕೂಲಿ ಕಡಿತದ ವಿರುದ್ಧ ಮುಷ್ಕರ ನಡೆಯಿತು. ಕೆಲಸಗಾರರು ಹಸಿವಿಗೆ ಸೋತರು. ಆದರೆ ಆ ಸೋಲಿನಿಂದ ಅವರು ಒಂದು ಪಾಠ ಕಲಿತರು. 1893ರ ಜನವರಿಯಲ್ಲಿ ಅದೇ ಬ್ರ್ಯಾಡ್‌ಫರ್ಡಿನಲ್ಲಿ ಕೀರ್ ಹಾರ್ಡಿಯವರ ಮುಂದಾಳುತನದಲ್ಲಿ ಇಂಡಿಪೆಂಡೆಂಟ್ ಲೇಬರ್ ಪಕ್ಷ ಸ್ಥಾಪನೆಯಾಯಿತು. ನಮ್ಮ ಪಕ್ಷದಂಥ ಪಕ್ಷಗಳಿಗೆ ದೊಡ್ಡಪ್ಪನಿದ್ದಂತೆ ಅದು. ಆ ಕೇರಿಯ ತಂಡವೇ ಮೊದಲ ಪ್ರಶಸ್ತಿ ಎತ್ತಿದ್ದು ಎಂದು ಓದಿದಾಗ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆದರೆ ಸಂತೋಷ ಬಹಳ ಕಾಲ ಉಳಿಯುವಂಥದಲ್ಲ. 1901ರಲ್ಲಿ ದೊಡ್ಡ ಸಂಘಗಳು ಹದಿನಾಲ್ಕು ಕೂಡಿ ಸಣ್ಣವರನ್ನು ಬಿಟ್ಟು ತಮ್ಮದೇ ಲೀಗ್ ಕಟ್ಟಿಕೊಂಡವು. ಮ್ಯಾನಿಂಗ್‌ಹ್ಯಾಮಿನವರು ಹಣದ ಮುಗ್ಗಟ್ಟಿನಲ್ಲಿ ಸಿಲುಕಿ 1903ರಲ್ಲಿ ರಗ್ಬಿಯನ್ನೇ ಬಿಟ್ಟು ಕಾಲ್ಚೆಂಡಿಗೆ ಹೋದರು. ಬ್ರ್ಯಾಡ್‌ಫರ್ಡ್ ಸಿಟಿ ಎಂಬ ಫುಟ್‌ಬಾಲ್ ಸಂಘ ಅವರದೇ ಸಂತಾನ. ಲೀಗನ್ನು ಒಡೆಯುವುದು, ಕೂಡಿಸುವುದು ಹೊಸ ಚಾಳಿಯಲ್ಲ ಎಂದು ತೋರಿಸಲು ಇದನ್ನು ಹೇಳಿದೆ.

ಏನೇ ಆದರೂ ನೂರು ವರ್ಷ ಒಂದು ಮಾತು ಬದಲಾಗಲಿಲ್ಲ. ಆಟ ಶುರುವಾಗುವುದು ಮಳೆ ಚಳಿ ಹಿಡಿಯುವ ಹೊತ್ತಿಗೆ, ಮುಗಿಯುವುದು ವಸಂತದಲ್ಲಿ. ಬೇಸಗೆ ಕ್ರಿಕೆಟ್ಟಿಗೆ, ಗಿರಣಿಗಳು ವಾರಗಟ್ಟಲೆ ಮುಚ್ಚಿ ಕೆಲಸಗಾರರು ಸಮುದ್ರ ತೀರಕ್ಕೆ ಹೋಗುವ ರಜೆಗೆ. ಮದುವೆ, ಜಾತ್ರೆ, ಅಂಗಡಿಯವನ ಸರಕು, ಎಲ್ಲ ಆ ಲೆಕ್ಕದ ಮೇಲೆ.

ಈ ಪಂಚಾಂಗವನ್ನು ಒಂದು ಶನಿವಾರ ಹರಿದು ಹಾಕಿದರು. 1995ರ ಏಪ್ರಿಲ್ 8. ವೀಗನ್ ಪಟ್ಟಣದಲ್ಲಿ ಸಂಘಗಳ ಅಧ್ಯಕ್ಷರು ಸೇರಿ, ರೂಪರ್ಟ್ ಮರ್ಡೋಕ್ ಎಂಬ ಪತ್ರಿಕೆ-ಟೆಲಿವಿಷನ್ ಸಾಹುಕಾರನ ಕಂಪನಿ ಒಡ್ಡಿದ 7 ಕೋಟಿ 70 ಲಕ್ಷ ಪೌಂಡಿಗೆ ತಲೆಯಾಡಿಸಿದರು. ಆಮೇಲೆ ಅದು ಐದು ವರ್ಷಕ್ಕೆ 8 ಕೋಟಿ 70 ಲಕ್ಷವಾಯಿತು. ‘ಸೂಪರ್ ಲೀಗ್’ ಎಂಬ ಹೊಸ ಹೆಸರು. ಆಟ ಚಳಿಗಾಲದಿಂದ ಬೇಸಗೆಗೆ. ಏಕೆ? ಆಸ್ಟ್ರೇಲಿಯಾದಲ್ಲಿ ಮರ್ಡೋಕ್‌ಗೂ ಕೆರಿ ಪ್ಯಾಕರ್ ಎಂಬ ಇನ್ನೊಬ್ಬ ಸಾಹುಕಾರನಿಗೂ ಹಣ ಕೊಟ್ಟು ನೋಡುವ ಟೆಲಿವಿಷನ್ನಿನ ವಿಷಯದಲ್ಲಿ ಜಗಳ ಹತ್ತಿತ್ತು. ಆ ದೇಶದ ಚಳಿಗಾಲ ಇಂಗ್ಲೆಂಡಿನ ಬೇಸಗೆ. ಎರಡೂ ಕಡೆಯ ಆಟ ಒಂದೇ ಕಾಲಕ್ಕೆ ಬಂದರೆ ಮರ್ಡೋಕ್‌ಗೆ ಅನುಕೂಲ. ಸಿಡ್ನಿಯ ಜಗಳಕ್ಕಾಗಿ ಯಾರ್ಕ್‌ಷೈರಿನವನ ಶನಿವಾರ ಹೋಯಿತು. ಹೊಸ ಲೀಗಿನ ಮೊದಲ ಪಂದ್ಯ ನಡೆದದ್ದು ಗಿರಣಿಯೂರಿನಲ್ಲಿ ಅಲ್ಲ, 1996ರ ಮಾರ್ಚ್ 29ರಂದು ಪ್ಯಾರಿಸ್ಸಿನಲ್ಲಿ.

ಆ ಶನಿವಾರದ ಯೋಜನೆಯಲ್ಲಿ ಇನ್ನೊಂದು ಬಾಬಿತ್ತು. ಪಕ್ಕಪಕ್ಕದ ಊರುಗಳ ಸಂಘಗಳು ಒಂದಾಗಬೇಕು. ಕಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟೋನ್ ಮೂರೂ ಸೇರಿ ‘ಕಾಲ್ಡರ್’ ಎಂಬ ಒಂದು ತಂಡ. ಕಾಲ್ಡರ್ ಎಂದರೆ ಆ ಸೀಮೆಯ ಹೊಳೆ. ಫೆದರ್‌ಸ್ಟೋನ್ ಎಂದೆನಲ್ಲ, ಅದೇ 1893ರ ಫೆದರ್‌ಸ್ಟೋನ್. ಗುಂಡು ಹಾರಿದ ಆ ಗಣಿಯನ್ನು 1984-85ರ ದೊಡ್ಡ ಗಣಿ ಮುಷ್ಕರ ಸೋತ ಕೂಡಲೇ ಮುಚ್ಚಿದ್ದರು. ಊರಿಗೆ ಉಳಿದದ್ದು ಅದರ ರಗ್ಬಿ ಸಂಘ; ಇಡೀ ದೇಶದ ಚಾಲೆಂಜ್ ಕಪ್ಪನ್ನು 1967, 1973, 1983ರಲ್ಲಿ ಮೂರು ಸಲ ಗೆದ್ದ ಸಂಘ. ಗಣಿಯನ್ನು ಕಿತ್ತುಕೊಂಡವರು ಈಗ ಊರಿನ ಹೆಸರನ್ನೂ ಹೊಳೆಗೆ ಬಿಡು ಎಂದರು. ಜನ ಒಪ್ಪಲಿಲ್ಲ. ಊರೂರಲ್ಲಿ ಪ್ರತಿಭಟಿಸಿದರು. ಮೂರು ವಾರದೊಳಗೆ ವಿಲೀನದ ಮಾತನ್ನು ಧಣಿಗಳು ಹಿಂದಕ್ಕೆ ತೆಗೆದುಕೊಂಡರು. ಆದರೆ ಬೇಸಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಫೆದರ್‌ಸ್ಟೋನನ್ನು ಮೇಲಿನ ಹನ್ನೆರಡರಲ್ಲಿ ಸೇರಿಸಲೂ ಇಲ್ಲ. ಕೀತ್ಲಿ ಎಂಬ ಸಂಘ ಆ ವರ್ಷವೇ ಎರಡನೆಯ ದರ್ಜೆಯಲ್ಲಿ ಮೊದಲು ಬಂದಿತ್ತು. ಗೆದ್ದರೂ ಮೇಲಕ್ಕೆ ಹತ್ತಿಸಲಿಲ್ಲ.

ಬೇಸಗೆ ಆಟದಿಂದ ಒಳ್ಳೆಯದೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಸರು ಹೋಯಿತು, ಆಟಕ್ಕೆ ಚುರುಕು ಬಂತು. ಹೆಂಗಸರು ಮಕ್ಕಳು ಬಂದು ಕೂರುವಂತಾಯಿತು. ಮೇಲಿನ ದರ್ಜೆಯ ಆಟಗಾರನಿಗೆ ಪೂರ್ಣಾವಧಿ ಸಂಬಳ ಬಂತು. 1895ರಲ್ಲಿ ಆರು ಷಿಲಿಂಗ್ ಕೇಳಿದವರ ಮೊಮ್ಮಕ್ಕಳಿಗೆ ಅದು ಸಿಕ್ಕಿದ್ದನ್ನು ನಾನು ಬೇಡವೆನ್ನಲಾರೆ. ಆದರೆ ಪಂದ್ಯದ ವಾರವನ್ನು ಈಗ ಗೊತ್ತುಮಾಡುವುದು ಟೆಲಿವಿಷನ್. ಗುರುವಾರ ರಾತ್ರಿ, ಶುಕ್ರವಾರ ರಾತ್ರಿ ಆಟ. ರಾತ್ರಿ ಪಾಳಿಯವನು ಪರಊರಿನ ಪಂದ್ಯಕ್ಕೆ ಹೇಗೆ ಹೋದಾನು? ಪಂದ್ಯದ ಮಧ್ಯಾಹ್ನ ಮಾಂಸದ ಕಡುಬು ಮಾರುತ್ತಿದ್ದ ಅಂಗಡಿಯವನು ಯಾವ ದಿನಕ್ಕೆ ಹಿಟ್ಟು ಕಲಸಬೇಕು? ಪೇಟೆಯ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ; ಸಂತೆಯ ದಿನವನ್ನು ಕೇಳದೆ ಕದಲಿಸಿದರೆ ಏನಾಗುತ್ತದೆಂದು ನಿಮಗೇ ಗೊತ್ತು.

ಮತ್ತೊಂದು ಲೆಕ್ಕ. ಹನ್ನೆರಡು ತಂಡಗಳು ಪರಸ್ಪರ ಎರಡೆರಡು ಸಲ ಆಡಿದರೆ ಒಂದು ತಂಡಕ್ಕೆ 22 ಪಂದ್ಯ. 2025ರಲ್ಲಿ ಅವರು ಆಡಿದ್ದು 27. ಮೇಲಿನ ಐದು ಎಲ್ಲಿಂದ ಬಂದವು? ಟಿಕೆಟ್ಟಿನ ಹಣಕ್ಕೆ, ಪರದೆಯ ಹೊಟ್ಟೆಗೆ. ನಮ್ಮಲ್ಲಿ ಓವರ್‌ಟೈಮ್ ಎನ್ನುತ್ತೇವಲ್ಲ, ಅದೇ. ಇದು ಮೈಗೆ ಮೈ ಅಪ್ಪಳಿಸುವ ಆಟ. ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳು ಕೆಟ್ಟಿತೆಂದು ಹಳೆಯ ಆಟಗಾರರು ಮಂಡಲಿಯ ಮೇಲೆ ದಾವೆ ಹೂಡಿದ್ದಾರೆ. ಐದು ಪಂದ್ಯ ಕಡಮೆ ಮಾಡಿ ಎಂದು ಹೇಳುವ ಅಧಿಕಾರ ಆಟಗಾರನಿಗಿಲ್ಲ.

ಲೀಗಿನ ರಚನೆಯೂ ಹಾಗೆಯೇ. 2009ರಿಂದ ಪರವಾನಗಿ ಪದ್ಧತಿ ತಂದರು. 2015ರಲ್ಲಿ ಅದನ್ನು ಬಿಟ್ಟರು. 2022ರಲ್ಲಿ ಐ.ಎಂ.ಜಿ. ಎಂಬ ವ್ಯಾಪಾರಿ ಸಂಸ್ಥೆಯೊಂದಿಗೆ 12 ವರ್ಷದ ಕರಾರು. ಅವರು ಪ್ರತಿ ಸಂಘಕ್ಕೂ 20ಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಅಂಗಳ ಎಷ್ಟು ಚೆನ್ನಾಗಿದೆ, ಹಣ ಎಷ್ಟಿದೆ, ಸುತ್ತ ಜನ ಎಷ್ಟಿದ್ದಾರೆ. ಆಟದ ಗೆಲುವು ಅದರಲ್ಲಿ ಒಂದು ಭಾಗ ಮಾತ್ರ. ಲಂಡನ್ ಬ್ರಾಂಕೋಸ್ ತಂಡ 2023ರಲ್ಲಿ ಗೆದ್ದು ಮೇಲಕ್ಕೆ ಬಂತು. 2024ರ ಆಟ ಶುರುವಾಗುವ ಮೊದಲೇ ಅದಕ್ಕೆ 24ನೆಯ ಸ್ಥಾನವೆಂದು ಅಂಕಪಟ್ಟಿ ಹೊರಬಿದ್ದಿತ್ತು. ವರ್ಷವಿಡೀ ಏನೇ ಆಡಿದರೂ ಕೆಳಕ್ಕೆ ಹೋಗುವುದು ಹೆಚ್ಚುಕಡಮೆ ಖಚಿತ, ಹೋಯಿತು ಕೂಡ. ನಾನು ಸ್ಲೇಟು ತಿದ್ದಿಸಿದವನು, ಅಂಕ ಹಾಕುವುದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹುಡುಗ ಪರೀಕ್ಷೆಗೆ ಕೂರುವ ಮೊದಲೇ ಫಲಿತಾಂಶವನ್ನು ಗೋಡೆಗೆ ಅಂಟಿಸುವ ಹೆಡ್‌ಮಾಸ್ಟರನ್ನು ಎಲ್ಲೂ ಕಂಡಿಲ್ಲ.

ಜನ ಎದ್ದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಒಂದು ಉದಾಹರಣೆ ಸಾಕು. ಆ ಸಾಹುಕಾರರು 1997ರವರೆಗೆ ಕಚ್ಚಾಡಿ, ಎರಡು ಬೇರೆ ಬೇರೆ ಲೀಗ್ ನಡೆಸಿ, ಕೊನೆಗೆ ರಾಜಿಯಾದರು. ರಾಜಿಯ ಬೆಲೆ: ಸಂಘಗಳನ್ನು ಹದಿನಾಲ್ಕಕ್ಕೆ ಇಳಿಸಬೇಕು. 1908ರಲ್ಲಿ ಹುಟ್ಟಿ, ಆ ವರ್ಷವೇ ಮೊದಲ ಪ್ರಶಸ್ತಿ ಗೆದ್ದ, ಸಿಡ್ನಿಯ ಕಾರ್ಮಿಕ ಕೇರಿಗಳ ಸೌತ್ ಸಿಡ್ನಿ ಸಂಘವನ್ನು 1999ರ ಕೊನೆಗೆ ಹೊರಹಾಕಿದರು. 2000ದ ನವೆಂಬರಿನಲ್ಲಿ ಹತ್ತಾರು ಸಾವಿರ ಜನ ಸಿಡ್ನಿಯ ಬೀದಿಯಲ್ಲಿ ಮೆರವಣಿಗೆ ಹೊರಟರು. 2001ರಲ್ಲಿ ಕೋರ್ಟು ಸಂಘದ ಪರವಾಗಿ ತೀರ್ಪು ಕೊಟ್ಟಿತು. 2002ರಲ್ಲಿ ಸಂಘ ಮರಳಿ ಅಂಗಳಕ್ಕಿಳಿಯಿತು. ಪೂರ್ತಿ ಹೇಳಬೇಕಾದರೆ ಇದನ್ನೂ ಹೇಳಬೇಕು: 2006ರಲ್ಲಿ ಅದೇ ಸಂಘದ ಸದಸ್ಯರು ಸಾಲದ ಭಾರಕ್ಕೆ ಮಣಿದು ಮುಕ್ಕಾಲು ಪಾಲನ್ನು ಸಿನಿಮಾ ನಟ ರಸೆಲ್ ಕ್ರೋ ಮತ್ತು ಅವರ ಪಾಲುದಾರರಿಗೆ ಮತ ಹಾಕಿ ಮಾರಿದರು. 2014ರಲ್ಲಿ ಪ್ರಶಸ್ತಿಯೂ ಬಂತು. ನಮ್ಮ ವಾದಕ್ಕೆ ಅನುಕೂಲವಾಗಿಲ್ಲವೆಂದು ಮುಚ್ಚಿಡುವ ಹಾಗಿಲ್ಲ.

ಇಲ್ಲೊಂದು ಚೀಟಿ ಬಂದಿದೆ. ಓದುತ್ತೇನೆ: ‘ಹಾಗಾದರೆ ಆಟವನ್ನು ಮತ್ತೆ ಚಳಿಗಾಲಕ್ಕೇ ಒಯ್ಯಬೇಕೆ?’

ಬೇಡ. ಕೆಸರಿನ ಮೇಲೆ ನನಗೆ ಮೋಹವಿಲ್ಲ. ಯಾವ ತಿಂಗಳಲ್ಲಿ ಆಡಬೇಕು ಎಂಬುದನ್ನು ಅಲ್ಲಿನವರೇ ನಿರ್ಧರಿಸಲಿ. ಟೆಲಿವಿಷನ್ನಿನವರೊಡನೆ ಮುಂದಿನ ಕರಾರಿಗೆ ರುಜು ಬೀಳುವ ಮೊದಲು ಆಟಗಾರರ ಯೂನಿಯನ್ನಿನವರೂ, ಪ್ರತಿ ಸಂಘದ ಚಂದಾದಾರ ಸದಸ್ಯರು ಆರಿಸಿ ಕಳಿಸಿದವರೂ ಆ ಮೇಜಿನ ಮುಂದೆ ಕೂತಿರಬೇಕು. ವರ್ಷಕ್ಕೆ ಎಷ್ಟು ಪಂದ್ಯ, ವಾರದ ಯಾವ ದಿನ, ಎಷ್ಟು ವಾರ ವಿಶ್ರಾಂತಿ, ಬಂದ ಹಣದಲ್ಲಿ ಕೆಳಗಿನ ದರ್ಜೆಗೆ ಎಷ್ಟು, ಈ ನಾಲ್ಕು ಬಾಬುಗಳನ್ನು ಅವರನ್ನು ಬಿಟ್ಟು ತೀರ್ಮಾನಿಸಬಾರದು. ನಮ್ಮ ಬೆಂಗಳೂರಿನ ಹೆಸರಿಟ್ಟುಕೊಂಡ ತಂಡದ ಮಾತೂ ಅಷ್ಟೆ. ಬೆಂಗಳೂರಿನಲ್ಲಿ ರಗ್ಬಿ ಆಡುವ ಹುಡುಗರಿದ್ದಾರೆ, ಹುಡುಗಿಯರಿದ್ದಾರೆ. ಕಾಲೇಜು, ಕೆಲಸ ಮುಗಿಸಿ ಸಾಯಂಕಾಲ ಆಡುವವರು. ಅವರಿಗೆ ಬಿಡುವಿರುವ ತಿಂಗಳು ಯಾವುದೆಂದು ಕೇಳಿ, ಅವರ ಊರಿನಲ್ಲೇ ಆಡಿಸಲಿ. ಆಮೇಲೆ ಊರಿನ ಹೆಸರು ಇಟ್ಟುಕೊಳ್ಳಲಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಎರಡನೆಯ ಪಾಳಿಯವರು ಹೊರಡಬೇಕು. ಇನ್ನೂ ಎರಡು ಚೀಟಿಗಳಿವೆ. ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಿರುತ್ತೇನೆ.